ಚಿತ್ರಲಿಂಗಪ್ಪ ನಾಲಿಗೆ ಕಚ್ಚಿಕೊಂಡದ್ದು

ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಎದುರು ಕಂಬಳಿ ಅಂಗಡಿ ಇಟ್ಟಿದ್ದ ಚಿತ್ರಲಿಂಗಪ್ಪ ಆ ಸಂಜೆ ಮೆಣಸಿನಕಾಯಿ ಬಜ್ಜಿ ತಿನ್ನುವಾಗ ಸುಮ್ಮನಿದ್ದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ಆದರೆ ಸುಮ್ಮನಿರುವುದು ಅವನ ಜಾಯಮಾನವೇ ಅಲ್ಲ. ಹೊಸದುರ್ಗದ ಬಸ್ಸಿಗೆ ಕಾಯುತ್ತಿದ್ದ, ಗುರುತು ಪರಿಚಯವಿಲ್ಲದ ಒಬ್ಬನನ್ನು ಹಿಡಿದು ನಿಲ್ಲಿಸಿಕೊಂಡು, ತನ್ನ ತಾತ ತೋಳವನ್ನು ಬರೀ ಬೈದೇ ಓಡಿಸಿದ ಕತೆ ಹೇಳುತ್ತಿದ್ದ. ಕತೆಯ ತೋಳ ಕುರಿಹಟ್ಟಿಗೆ ನುಗ್ಗುವ ಹೊತ್ತಿಗೆ ಬಜ್ಜಿಯ ಜೊತೆ ತನ್ನ ನಾಲಿಗೆಯನ್ನೂ ಕಚಕ್ಕನೆ ಕಚ್ಚಿಕೊಂಡ. ಅದೇ ಸಮಯ ನೋಡಿ ಆ ಪ್ರಯಾಣಿಕ ಬಸ್ಸು ಹತ್ತಿ ಪಾರಾದ. ಚಿತ್ರಲಿಂಗಪ್ಪ ಬಾಯಿ ಹಿಡಿದುಕೊಂಡು ಮನೆಗೆ ಹೋಗಿ, ಊಟವನ್ನೂ ಮಾಡದೆ ಮುಸುಕೆಳೆದು ಮಲಗಿಬಿಟ್ಟ.

ಹೆಂಡತಿ ಗಿರಿಯಮ್ಮ ಆಗ ಮನೆಯಲ್ಲಿರಲಿಲ್ಲ. ಪಕ್ಕದ ಮನೆಯ ಬರಗೇರಮ್ಮನ ಜೊತೆ ಅಂಗನವಾಡಿಗೆ ಹೋಗಿದ್ದಳು. ಮನಸ್ಸಿನ ಆರೋಗ್ಯ ಕಾಪಾಡಿಕೊಳ್ಳುವುದು ಹೇಗೆ ಅಂತ ನರ್ಸಮ್ಮ ಒಬ್ಬರು ಅಲ್ಲಿ ಹೆಂಗಸರಿಗೆ ತಿಳಿಸಿ ಹೇಳಿದ್ದರು. ಮಾತಾಡುವ ಮನುಷ್ಯ ಇದ್ದಕ್ಕಿದ್ದಂತೆ ಸುಮ್ಮನಾದರೆ, ಊಟ ಬಿಟ್ಟರೆ, ಅವರನ್ನು ಒಬ್ಬರನ್ನೇ ಬಿಡಬೇಡಿ ಎಂಬ ಮಾತನ್ನು ಬರಗೇರಮ್ಮ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡೇ ಬಂದಿದ್ದಳು.

ಬೆಳಿಗ್ಗೆ ಎದ್ದಾಗ ಚಿತ್ರಲಿಂಗಪ್ಪನ ಬಾಯಿಯೊಳಗೆ ಯಾರೋ ನೆನೆಸಿದ ಕಂಬಳಿ ಮಡಚಿಟ್ಟಂತಿತ್ತು. ಗಿರಿಯಮ್ಮ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದಿಟ್ಟಳು. ಅವನು ಚಟ್ನಿಯನ್ನು ನೋಡಿಯೇ ತಟ್ಟೆಯನ್ನು ಆಚೆ ತಳ್ಳಿದ.

"ಯಾಕ್ರಿ, ಏನಾತು?" ಅಂದಳು ಗಿರಿಯಮ್ಮ.

ನಾಲಿಗೆ ಅನ್ನಲು ಹೋದ. ಊದಿಕೊಂಡ ನಾಲಿಗೆ ಹೇಳಿದ ಮಾತು ಕೇಳಲಿಲ್ಲ. "ನಾಳೆಗೆ" ಅಂತ ಬಂತು.

"ನಾಳೆಗೆ ಏನು?"

"ನಾಳೆಗೆ, ನಾಳೆಗೆ" ಎನ್ನುತ್ತಾ ಬಾಯಿಗೆ ಬೆರಳು ತೋರಿಸಿದ. ಬರೆದು ತಿಳಿಸೋಣವೆಂದರೆ ಅವನು ಜನ್ಮದಲ್ಲಿ ಕಲಿತದ್ದು ರುಜು ಮಾಡುವಷ್ಟು ಮಾತ್ರ.

ಗಿರಿಯಮ್ಮನ ಮುಖ ಬಿಳಿಚಿಕೊಂಡಿತು. ಮದುವೆಯಾದಾಗಿನಿಂದ ಈ ಮನುಷ್ಯ ನಿದ್ದೆಯಲ್ಲೂ ಬಾಯಿ ಮುಚ್ಚಿದ್ದನ್ನು ಅವಳು ಕಂಡಿರಲಿಲ್ಲ. ಗೋಡೆಯ ಆಚೆಯಿಂದಲೇ ಕೇಳಿಸಿಕೊಂಡ ಬರಗೇರಮ್ಮ ಕಸಬರಿಗೆ ಹಿಡಿದುಕೊಂಡೇ ಓಡಿ ಬಂದಳು.

"ಊಟ ಬಿಟ್ಟವ್ನೆ, ಮಾತು ಬಿಟ್ಟವ್ನೆ. ನರ್ಸಮ್ಮ ಹೇಳಿದ್ದು ಇದೇ ಕಣವ್ವ ಗಿರಿಯಮ್ಮ. ನಾಳೆಗೆ ಏನ್ ಮಾಡ್ಕಳಕ್ಕೆ ಹೊರಟವ್ನೋ ಏನೋ."

ಚಿತ್ರಲಿಂಗಪ್ಪ ಹತಾಶನಾಗಿ ಅವಳ ಮುಖದ ಮುಂದೆ ನಾಲಿಗೆ ಚಾಚಿದ. ಗಾಯ ಇದ್ದದ್ದು ಹಿಂಬದಿಯ ಅಂಚಿನಲ್ಲಿ. ಬರಗೇರಮ್ಮನಿಗೆ ಕಂಡದ್ದು, ಕೂದಲು ನರೆತ ಗಂಡಸೊಬ್ಬ ತನ್ನನ್ನು ಅಣಕಿಸುತ್ತಿರುವುದು.

"ನೋಡಿದ್ಯಾ? ನಾನು ಇವನ ತಾಯಿ ಸಮಾನ. ನಂಗೇ ನಾಲಿಗೆ ಚಾಚ್ತಾನೆ. ಬುದ್ಧಿ ಸ್ತಿಮಿತದಾಗೆ ಇಲ್ಲ."

ಇನ್ನು ಇಲ್ಲಿದ್ದರೆ ಕೆಲಸ ಕೆಟ್ಟಿತು ಅಂದುಕೊಂಡು ಅವನು ಚಪ್ಪಲಿ ಮೆಟ್ಟಿ ಅಂಗಡಿಗೆ ದಾಪುಗಾಲು ಹಾಕಿದ. ಆದರೆ ಬರಗೇರಮ್ಮನ ಮೊಬೈಲು ಅವನ ಕಾಲಿಗಿಂತ ಚುರುಕಾಗಿತ್ತು. ಅವನು ಬಾಗಿಲು ತೆಗೆಯುವ ಮೊದಲೇ ಪಕ್ಕದ ಟೀ ಅಂಗಡಿಯ ಬೋರಪ್ಪ ಮೆಟ್ಟಿಲ ಮೇಲೆ ಕಾವಲು ಕುಳಿತಿದ್ದ. ಬಾಗಿಲು ತೆಗೆದದ್ದೇ ಒಳಗೆ ನುಗ್ಗಿ ಕತ್ತರಿ, ಕಂಬಳಿ ಕಟ್ಟುವ ಹಗ್ಗ, ಕೊನೆಗೆ ಅಳತೆಯ ಕೋಲನ್ನೂ ಎತ್ತಿಕೊಂಡು ತನ್ನ ಅಂಗಡಿಯಲ್ಲಿ ಬಚ್ಚಿಟ್ಟು ಬಂದ.

ತುರುವನೂರಿನ ಕಡೆಯ ಇಬ್ಬರು ಮದುವೆಗೆ ಕಂಬಳಿ ಬೇಕೆಂದು ಬಂದರು. ಚಿತ್ರಲಿಂಗಪ್ಪ ಲವಲವಿಕೆಯಿಂದ ಒಂದು ಕರಿ ಕಂಬಳಿ ಬಿಡಿಸಿದ.

"ಇವತ್ತು ಇವ್ರ ಮನಸ್ಸಿಗೆ ಹುಷಾರಿಲ್ಲ. ಇನ್ನೊಂದಿನ ಬರ್ರಿ" ಎಂದು ಬೋರಪ್ಪ ಅವರನ್ನು ದಾರಿಗೆ ಹಚ್ಚಿದ.

ಚಿತ್ರಲಿಂಗಪ್ಪನ ಪಿತ್ತ ನೆತ್ತಿಗೇರಿತು. ಎಗರಾಡಿದ, ಕೈ ಬೀಸಿದ, ಗಂಟಲಿನಿಂದ ಏನೇನೋ ಸದ್ದು ಹೊರಡಿಸಿದ. ಹೊರಟಿದ್ದ ಗಿರಾಕಿಗಳು ಹಿಂದೆ ನೋಡದೆ ರಸ್ತೆ ದಾಟಿದರು.

"ಸಮಾಧಾನ ಚಿತ್ರಣ್ಣ, ಸಮಾಧಾನ. ಚಾ ಕುಡಿ" ಎಂದು ಬೋರಪ್ಪ ಶುಂಠಿ ಜಜ್ಜಿ ಹಾಕಿದ ಕುದಿಯುವ ಚಹಾವನ್ನು ಅವನ ತುಟಿಗೇ ಹಿಡಿದ. ಒಂದು ಗುಟುಕು ಗಾಯದ ಮೇಲೆ ಹರಿದದ್ದೇ ತಡ, ಅವನ ಎರಡೂ ಕಣ್ಣಿನಿಂದ ನೀರು ಧಾರೆಯಾಗಿ ಸುರಿಯಿತು.

"ಅಳಪ್ಪ, ಅತ್ತು ಬಿಡು. ಒಳಗೇ ಇಟ್ಕಬಾರ್ದು" ಎಂದು ಬೋರಪ್ಪ ಅವನ ಬೆನ್ನು ಸವರುತ್ತಾ ತಾನೂ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಗಿರಿಯಮ್ಮ, ಬರಗೇರಮ್ಮ ಇಬ್ಬರೂ ಬಂದರು. ಚಿತ್ರಲಿಂಗಪ್ಪ ಅತ್ತದ್ದನ್ನು ಬೋರಪ್ಪ ವರದಿ ಮಾಡಿದ. "ಇನ್ನು ತಡ ಮಾಡಾದು ಬ್ಯಾಡ. ದುರ್ಗಕ್ಕೆ ಹೋಗಾಣ. ಅಲ್ಲಿ ಮನಸ್ಸಿನ ಡಾಕ್ಟ್ರಮ್ಮ ಅವ್ರೆ" ಎಂದು ಬರಗೇರಮ್ಮ ತೀರ್ಪು ಕೊಟ್ಟಳು. ಇಬ್ಬರು ಹೆಂಗಸರ ನಡುವೆ, ಸಂತೆಗೆ ಹೊರಟ ಟಗರಿನಂತೆ, ಚಿತ್ರಲಿಂಗಪ್ಪ ಚಿತ್ರದುರ್ಗದ ಬಸ್ಸಿನಲ್ಲಿ ಕುಳಿತ. ದಾರಿಯುದ್ದಕ್ಕೂ ಬರಗೇರಮ್ಮ ಅವನ ರೋಗದ ಕತೆಯನ್ನು ಹತ್ತಿದವರಿಗೆಲ್ಲ ಮೊದಲಿನಿಂದ ಹೇಳಿದಳು. ಅದು ತಪ್ಪಾಗಿದೆ ಎನ್ನುವುದಕ್ಕಿಂತ, ತಾನಾಗಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದೆ ಎಂಬುದೇ ಅವನನ್ನು ಹೆಚ್ಚು ಸುಟ್ಟಿತು.

ಡಾಕ್ಟರಮ್ಮ ಮೊದಲು ಗಿರಿಯಮ್ಮನನ್ನು ಒಬ್ಬಳನ್ನೇ ಒಳಗೆ ಕರೆದರು. ಮನೆಯ ಪರಿಸ್ಥಿತಿ ತಿಳಿದುಕೊಳ್ಳಬೇಕಂತೆ. ಬಾಗಿಲು ಮುಚ್ಚಿತು.

ಚಿತ್ರಲಿಂಗಪ್ಪ ಕುಳಿತ, ಎದ್ದ, ಕಿಟಕಿಯ ತನಕ ಹೋಗಿ ಬಂದ, ಮತ್ತೆ ಕುಳಿತ. ಒಳಗಿನಿಂದ ಗಿರಿಯಮ್ಮನ ದನಿ ಒಂದೇ ಸಮನೆ ಕೇಳುತ್ತಿತ್ತು. ಇವಳಿಗೆ ಇಷ್ಟೊಂದು ಮಾತು ಬರುತ್ತದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ನಡುವೆ ಒಮ್ಮೆ ನಗು ಕೇಳಿಸಿತು. ತನ್ನ ಬಗ್ಗೆಯೇ ಇರಬೇಕು. ಆಮೇಲೆ ಅಳು. ಅದು ಯಾರ ಬಗ್ಗೆ? ಏನು ಹೇಳುತ್ತಿದ್ದಾಳೆ ಇವಳು? ಏಳಲು ಹೋದಾಗೆಲ್ಲ ಬರಗೇರಮ್ಮ ಅಂಗಿ ಹಿಡಿದು ಕೂರಿಸುತ್ತಿದ್ದಳು.

ಕೊನೆಗೂ ಅವನನ್ನು ಒಳಗೆ ಕರೆದರು. ಡಾಕ್ಟರಮ್ಮ ಬ್ಯಾಟರಿ ಹಿಡಿದು ಬಾಯಿ ನೋಡಿದರು. "ನಾಲಿಗೆ ಕಚ್ಚಿಕೊಂಡಿದ್ದೀರಿ, ಅಷ್ಟೇ" ಎಂದು ಎಂಥದೋ ಮುಲಾಮು ಹಚ್ಚಿದರು. ನಾಲಿಗೆ ತಣ್ಣಗಾಯಿತು. ಚಿತ್ರಲಿಂಗಪ್ಪನಿಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

"ನಿಮ್ಮ ಮನಸ್ಸಿಗೆ ಏನೂ ಆಗಿಲ್ಲ" ಎಂದರು ಡಾಕ್ಟರಮ್ಮ, ಅಲ್ಲೇ ಕುಳಿತಿದ್ದ ಗಿರಿಯಮ್ಮನ ಕಡೆ ಕೈ ತೋರಿಸುತ್ತಾ. "ಇವರನ್ನ ನೋಡಿ. ಮಗಳು ಗಂಡನ ಮನೆಗೆ ಹೋದಾಗಿನಿಂದ ಇವರು ನೆಟ್ಟಗೆ ನಿದ್ದೆ ಮಾಡಿಲ್ಲ. ಗೊತ್ತಿತ್ತಾ?"

ಗೊತ್ತಿರಲಿಲ್ಲ. ಅವನು ಹೆಂಡತಿಯ ಕಡೆ ತಿರುಗಿದ. ಕಣ್ಣಿನ ಕೆಳಗೆ ಮಸಿ ಬಳಿದಂತೆ ಕಪ್ಪಾಗಿತ್ತು. ಯಾವಾಗ ಹೀಗಾಯಿತೋ.

"ಹೇಳಾಕೆ ಬಂದಾಗೆಲ್ಲ ನೀವು ತಾತನ ತೋಳ ತರ್ತಿದ್ರಿ" ಎಂದಳು ಗಿರಿಯಮ್ಮ, ಸೆರಗು ತಿರುಚುತ್ತಾ.

ಹೌದು. ಒಂದು ಸಂಜೆ ಇವಳು, ಮನೆ ಬಿಕೋ ಅಂತೈತೆ ಕಣ್ರಿ, ಅಂದಿದ್ದಳು. ಬಿಕೋ ಅನ್ನುವುದೆಂದರೆ ಏನು ಗೊತ್ತಾ, ಎಂದು ತಾನು ಹೊಸ ಕತೆ ಶುರು ಮಾಡಿದ್ದ. ಚಿತ್ರಲಿಂಗಪ್ಪ ತಲೆ ತಗ್ಗಿಸಿದ.

"ಮಾತ್ರೆ ಬೇಡ" ಎಂದರು ಡಾಕ್ಟರಮ್ಮ. "ದಿನಾ ಸಂಜೆ ಇವರು ಹೇಳಬೇಕು, ನೀವು ಕೇಳಬೇಕು. ನಡುವೆ ಬಾಯಿ ಹಾಕಬಾರದು. ಸದ್ಯಕ್ಕೆ ಅದೇ ಔಷಧಿ."

ಹಿಂತಿರುಗುವ ಬಸ್ಸಿನಲ್ಲೇ ಔಷಧಿ ಶುರುವಾಯಿತು. ಮಗಳು ಹೊದೆಯುತ್ತಿದ್ದ ಕಂಬಳಿಯನ್ನು ಇನ್ನೂ ಒಗೆದಿಲ್ಲ ಅಂದಳು ಗಿರಿಯಮ್ಮ. ಮರೆತು ಒಂದು ರೊಟ್ಟಿ ಹೆಚ್ಚಿಗೆ ತಟ್ಟಿ, ಅದನ್ನು ಒಲೆಯ ಮುಂದೆ ಕುಳಿತು ತಾನೇ ತಿನ್ನುತ್ತೇನೆ ಅಂದಳು. ಎರಡು ಸಲ ಚಿತ್ರಲಿಂಗಪ್ಪನ ಬಾಯಿ ತೆರೆಯಿತು. ಎರಡು ಸಲವೂ ಅವನೇ ಮುಚ್ಚಿಕೊಂಡ. ಚಿತ್ರಹಳ್ಳಿ ದಾಟುವ ಹೊತ್ತಿಗೆ ಅವಳ ತಲೆ ಅವನ ಭುಜಕ್ಕೆ ಒರಗಿತ್ತು. ಇದೇನು ಅಂಥ ಕಷ್ಟದ ಕೆಲಸವಲ್ಲ ಅನ್ನಿಸಿತು. ದಿನದಲ್ಲಿ ಒಂದು ಹೊತ್ತು ತಾನೇ? ಉಳಿದ ಹೊತ್ತೆಲ್ಲ ತನ್ನದೇ. ಇವತ್ತಿನ ಫಜೀತಿಯನ್ನು ಜಗಲಿ ತುಂಬಾ ಜನ ಸೇರಿಸಿ ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಹೊಂದಿಸಿಕೊಳ್ಳತೊಡಗಿದ. ಹಿಂದಿನ ಸೀಟಿನಲ್ಲಿ ಬರಗೇರಮ್ಮ ಮೊಬೈಲಿನಲ್ಲಿ ಯಾರಿಗೋ ಏನೋ ಹೇಳುತ್ತಲೇ ಇದ್ದಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಜಗಲಿಯ ತುಂಬಾ ಜನ ಕುಳಿತಿದ್ದರು. ಚಿತ್ರಲಿಂಗಪ್ಪನ ಎದೆ ಉಬ್ಬಿತು. ಗಿರಿಯಮ್ಮ ಎಲ್ಲರನ್ನೂ ದಾಟಿಕೊಂಡು ನೇರ ಒಳಗೆ ಹೋಗಿ ಚಾಪೆ ಹಾಸಿ ಉರುಳಿಕೊಂಡಳು. ಅವನು ಕಂಬಕ್ಕೆ ಒರಗಿ, ಊತ ಇಳಿದ ನಾಲಿಗೆಯನ್ನು ಒಮ್ಮೆ ಹೊರಳಿಸಿ ನೋಡಿ, ಗಂಟಲು ಸರಿ ಮಾಡಿಕೊಂಡು, "ನಿನ್ನೆ ಸಂಜೆ ಏನಾತಪ್ಪ ಅಂದ್ರೆ" ಎಂದು ಶುರು ಮಾಡಿದ.

"ನೀನು ಮಾತಾಡಂಗಿಲ್ಲ ಚಿತ್ರಣ್ಣ" ಎಂದ ಬೋರಪ್ಪ. "ಬರಗೇರಮ್ಮ ಎಲ್ಲ ಹೇಳವ್ಳೆ. ನೀನು ಬಾಯಿ ಮುಚ್ಕೊಂಡು ಕೇಳಿದ್ರೆ ಎಂಥ ಮನಸ್ಸಿನ ಕಾಯಿಲೆನೂ ವಾಸಿಯಾಗ್ತದೆ ಅಂತ ಡಾಕ್ಟ್ರಮ್ಮನೇ ಅಂದ್ರಂತೆ. ನಾವೆಲ್ಲ ಅದಕ್ಕೇ ಬಂದಿರಾದು. ನಂದೇ ಮೊದಲು."

ಪ್ರತಿಭಟಿಸಲು ಚಿತ್ರಲಿಂಗಪ್ಪ ಬಾಯಿ ತೆರೆದ. ಒಳಗಿನಿಂದ ಗಿರಿಯಮ್ಮನ ಸಣ್ಣ ಗೊರಕೆ ಕೇಳಿಸಿತು.

"ಮೆಲ್ಲಗೆ" ಎಂದು ಬರಗೇರಮ್ಮ ತುಟಿಯ ಮೇಲೆ ಬೆರಳಿಟ್ಟಳು. "ಎಷ್ಟು ದಿನಕ್ಕೆ ಕಣ್ಣಿಗೆ ನಿದ್ದೆ ಹತ್ತೈತೋ ಪಾಪ."

ಚಿತ್ರಲಿಂಗಪ್ಪ ತೆರೆದ ಬಾಯಿಯನ್ನು ಹಾಗೇ ಮುಚ್ಚಿದ. ಬೋರಪ್ಪ ಹತ್ತಿರ ಸರಿದು, ಚಕ್ಕಳಮಕ್ಕಳ ಹಾಕಿ ಕುಳಿತು, ತನ್ನ ಅತ್ತೆಯ ವಿಷಯವನ್ನು ಮದುವೆ ಮಾತುಕತೆಯ ದಿನದಿಂದ ಶುರು ಮಾಡಿದ.