ಡಾಂಬರು ಬೇಡವೆಂದ ಅತ್ತೆ

ಅಕ್ಕಲಕೋಟ ತಾಲೂಕಿನಲ್ಲಿ ಡಾಂಬರು ರಸ್ತೆ ಬೇಡವೆಂದು ಸರಕಾರದ ಎದುರು ವಾದ ಹೂಡಿದ ವ್ಯಕ್ತಿ ಒಬ್ಬಳೇ ಒಬ್ಬಳು: ನನ್ನ ಸೋದರತ್ತೆ! ಪತ್ರಿಕಾ ಕಚೇರಿಯಲ್ಲಿ ಜೀವ ಸವೆಸಿದವನು ನಾನು. ಇಬ್ಬರು ಸಾಕ್ಷಿಗಳಿಲ್ಲದೆ ಮಳೆ ಬಂತೆಂದೂ ಬರೆಯುವುದಿಲ್ಲ. ಈ ಮಾತಿಗೆ ಊರಿಗೆ ಊರೇ ಸಾಕ್ಷಿ.

ಅತ್ತೆ ಸೊಲ್ಲಾಪುರದ ನವಿ ಪೇಠದ ಬಟ್ಟೆ ವ್ಯಾಪಾರಿಗಳ ಮನೆಯ ಮಗಳು. ಕೊಟ್ಟದ್ದು ಕರಜಗಿಯ ಆಚೆಯ ಒಂದು ಹಳ್ಳಿಯ ಒಕ್ಕಲು ಮನೆಗೆ. ಆಕೆಯ ಗಂಡ, ನಮ್ಮ ಮಾಮಾ, ಸೈಕಲ್ಲಿನ ಹುಚ್ಚರು. ಹೊಲ ಮನೆಯ ಹಿತ್ತಿಲಿಗೇ ಅಂಟಿಕೊಂಡಿದ್ದರೂ ಊರು ಸುತ್ತಿ ಸೈಕಲ್ ಮೇಲೆಯೇ ಹೋಗುತ್ತಿದ್ದರು. ಐವತ್ತು ದಾಟಿದ ಮೇಲೆ ಅವರ ಎರಡೂ ಕಣ್ಣು ಹೋದವು. ಸೈಕಲ್ಲು ಕೊಟ್ಟಿಗೆ ಸೇರಿತು, ಮಾಮಾ ಪಡಸಾಲೆಯ ಕಂಬಕ್ಕೆ ಒರಗಿ ಕೂತುಬಿಟ್ಟರು. "ಕೈ ಹಿಡದು ಎಳಕೊಂಡ ಹೋಗಾಕ ನಾ ಏನ್ ಎತ್ತೇನ?" ಎಂದು ಹೊಸ್ತಿಲು ದಾಟಲೊಲ್ಲರು. ಕೈ ಹಿಡಿಯದೆ ಗಂಡನನ್ನು ಹೊರಗೆ ತರುವುದು ಹೇಗೆ? ಅತ್ತೆ ಯೋಚಿಸಿ ಯೋಚಿಸಿ ಒಂದು ದಿನ, "ನನಗ ಸೈಕಲ್ ಕಲಸ್ರಿ" ಎಂದಳು.

ಕೇಳಿದಿರಾ? ನಲವತ್ತು ದಾಟಿದ ಶಿಷ್ಯೆ, ಮೈಮೇಲೆ ಕಚ್ಚೆ ಸೀರೆ, ಗಂಡಸರ ಸೈಕಲ್ಲು, ಕಲಿಸುವ ಗುರುವಿಗೆ ಕಣ್ಣಿಲ್ಲ!

ನವಿ ಪೇಠದಲ್ಲಾಗಿದ್ದರೆ ಟಾಂಗಾದವರೇ ನಿಲ್ಲಿಸಿ ನಗುತ್ತಿದ್ದರು. ಇಲ್ಲಿ ಆ ಭಯವಿರಲಿಲ್ಲ. ಬರಗಾಲದ ಕಾಮಗಾರಿಯಲ್ಲಿ ಊರವರೇ ಕಲ್ಲು ಒಡೆದು ಖಡಿ ಮಾಡಿ ಹಾಸಿದ ರಸ್ತೆ, ರೊಟ್ಟಿ ತಟ್ಟಿದಂಥ ಸಪಾಟು ನೆಲ, ಎರಡೂ ಕಡೆ ಜೋಳ, ಜೋಳದ ಅಂಚಿಗೆ ದನ ನುಗ್ಗದಿರಲೆಂದು ಬಿತ್ತಿದ ಮುಳ್ಳಿನ ಕುಸುಬೆ. ದಿನಕ್ಕೊಂದು ಎಸ್.ಟಿ. ಬಸ್ಸು ಬಂದರೆ ಬಂತು. ಡಿಕ್ಕಿ ಹೊಡೆಯುತ್ತೇನೆಂದರೂ ಏನೂ ಸಿಗುವುದಿಲ್ಲ!

ಅತ್ತೆಗೆ ಕುಸುಬೆ ಸಿಗುತ್ತಿತ್ತು. ಜೋಳದಲ್ಲಿ ಬಿದ್ದರೆ ಜೋಳಕ್ಕೆ ನಷ್ಟ, ಕುಸುಬೆಯಲ್ಲಿ ಬಿದ್ದರೆ ಅತ್ತೆಗೆ ನಷ್ಟ. ಮಾಮಾ ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತಿದ್ದರು.

"ಬಲಕ್ಕ ಸರ್ಯಾಕತ್ತಿ! ಕುಸುಬಿ ಬಂತು!"

"ನಿಮಗ ಹ್ಯಾಂಗ ತಿಳೀತ್ರಿ?"

"ಖಡಿ ಹೇಳ್ತದ. ಗಾಡಿ ಸಾಲಿನಾಗ ಒಂದು ಸಪ್ಪಳ, ಅಂಚಿಗೆ ಒಂದು ಸಪ್ಪಳ. ಮಾತು ಕಡಿಮಿ ಮಾಡು, ಪೆಡಲ್ ಹೊಡಿ!"

ಅಷ್ಟರಲ್ಲಿ ಕುಸುಬೆ ಬಂದೇ ಬಿಟ್ಟಿರುತ್ತಿತ್ತು. ಸಂಜೆ ಮಾಮಾ ಬೆರಳಾಡಿಸಿ ಹುಡುಕಿ ಮುಳ್ಳು ಕೀಳುವರು, ಅತ್ತೆ "ಹಾಯ್" ಎನ್ನುವಳು, ಮರುದಿನ ಮತ್ತೆ ಪಾಠ.

ಹತ್ತುವುದು ಬಂತು, ಓಡಿಸುವುದು ಬಂತು. ಇಳಿಯುವುದು ಮಾತ್ರ ಬರಲೇ ಇಲ್ಲ! ಮೈಲುಗಲ್ಲಿಗೆ ಕಾಲು ಕೊಟ್ಟರೆ ಮಾತ್ರ ನಿಲುಗಡೆ. ದಾರಿಯಲ್ಲಿ ಯಾರಾದರೂ "ಎಲ್ಲಿಗಿ ಹೊಂಟ್ರಿ?" ಎಂದರೆ, "ಮುಂದಿನ ಕಲ್ಲಿಗಿ ಬರ್ರಿ, ಹೇಳ್ತೀನಿ!" ಎಂದು ಕೂಗುತ್ತ ಹೋಗಿಬಿಡುತ್ತಿದ್ದಳು.

ಹೀಗೆ ಕ್ಯಾರಿಯರ್ ಹಿಡಿದು ಹೊರಗೆ ಬಂದ ಮಾಮಾ ಕೊನೆಗೆ ಕ್ಯಾರಿಯರ್ ಏರಿದರು. ಏರಿದವರು ಸುಮ್ಮನೆ ಕೂರಬೇಕಲ್ಲ? ಗಂಟೆ ತಾನೇ ಬಾರಿಸಬೇಕೆಂದು ಹಟ. ಅತ್ತೆ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಕೊಂಡು ನವಿ ಪೇಠದ ಸೈಕಲ್ ಅಂಗಡಿಗೇ ತಂದಳು.

"ಬಾಯಿ, ಘಂಟಿ ಹ್ಯಾಂಡಲಿಗೆ ಇರ್ತದ್ರಿ," ಎಂದ ಅಂಗಡಿಯವನು.

"ಬಾರ್ಸಾವ್ರು ಹಿಂದ ಕುಂಡರ್ತಾರ. ಅಲ್ಲೇ ಹಾಕು."

"ಹಿಂದ ಬಾರ್ಸಿದ್ರ ಮುಂದಿನಾವ್ರಿಗೆ ಹ್ಯಾಂಗ ಕೇಳ್ತದ್ರಿ?"

"ನಮ್ಮ ರಸ್ತಾದಾಗ ಮುಂದ ಯಾರೂ ಇರಂಗಿಲ್ಲಪ್ಪಾ!"

ಆಮೇಲೆ ಖಾಲಿ ರಸ್ತೆಯಲ್ಲಿ ಆ ಗಂಟೆಗೆ ಪುರುಸೊತ್ತೇ ಇಲ್ಲ.

ಗಂಡನಿಗೆ ದಾರಿಯ ವರದಿ ಒಪ್ಪಿಸುವುದು ಅತ್ತೆಯ ಕೆಲಸ. ಆ ಬಯಲಿನಲ್ಲಿ ಏನೆಂದು ವರದಿ ಮಾಡಬೇಕು? "ಜ್ವಾಳ. ಜ್ವಾಳ. ಇನ್ನೂ ಜ್ವಾಳ." ಬೇಸರವಾಗಿ ಆಕೆ ಸುಳ್ಳು ಶುರು ಮಾಡಿದಳು.

"ಅಲ್ಲಿ ಹೊಲದಾಗ ಒಂದು ಆನಿ ನಿಂತದ ನೋಡ್ರಿ!"

"ಯಾವ ಬಗಲಿಗಿ?"

"ಎಡಕ್ಕ. ಕಡಬು ತಿನ್ನಾಕತ್ತದ."

"ನಮಗ ಒಂದೆರಡು ಉಳಸು ಅನ್ನು," ಎಂದು ಮಾಮಾ ಗಂಟೆ ಬಾರಿಸುವರು. ಸುದ್ದಿಯ ಖಚಿತತೆಗೆ ಜೀವ ಕೊಡುವ ನಾನು ಇಂಥ ವರದಿಗಾರ್ತಿಯನ್ನು ಎಲ್ಲಿಯೂ ಕಂಡಿಲ್ಲ!

ಇಷ್ಟು ಸುಖವಾಗಿರುವಾಗ ರಸ್ತೆ ಇಲಾಖೆಯ ಸಾಹೇಬರು ಅಳತೆಯ ಟೇಪು ಹಿಡಿದು ಬಂದರು. ಡಾಂಬರು! ಊರು ಕುಣಿಯಿತು. ಚಾವಡಿಯಲ್ಲಿ ಸೇರಿದ ಜನರ ನಡುವೆ ಅತ್ತೆ ಎದ್ದು ನಿಂತಳು.

"ಡಾಂಬರ ಬ್ಯಾಡ್ರಿ ಸಾಹೇಬ್ರ."

"ಕಾ ಹೋ ಬಾಯಿ?" ಯಾಕಮ್ಮಾ ಎಂದು ಸಾಹೇಬರು ಮರಾಠಿಯಲ್ಲಿ ಬೆರಗಾದರು.

"ಅದು ಮೂಕ ಅದರಿ. ಖಡಿ ಮಾತಾಡ್ತದ."

ಚಾವಡಿಗೆ ಚಾವಡಿಯೇ ನಕ್ಕಿತು. ನಗದವರು ಮಾಮಾ ಒಬ್ಬರೇ. ಎದ್ದು ಹೇಳಿದರು, "ಡಾಂಬರ ಹಾಕ್ರಿ ಸಾಹೇಬ್ರ. ಮಳಿಗಾಲದಾಗ ಬಸ್ ಹುಗೀತದ. ಹಡ್ಯಾಕ ಹೋಗೋ ಹೆಣ್ಣಮಕ್ಕಳು ನಡು ದಾರ್ಯಾಗ ಕುಂಡರ್ತಾರ."

"ಮತ್ತ ನಿಮಗ?" ಎಂದಳು ಅತ್ತೆ.

ಮಾಮಾ ಮತ್ತೆ ಕೂತುಬಿಟ್ಟರು. ಅತ್ತೆ ಸಾಹೇಬರ ಕಡೆ ತಿರುಗಿ ಚೌಕಾಸಿಗೆ ಇಳಿದಳು. ಎಷ್ಟೆಂದರೂ ನವಿ ಪೇಠದ ಮಗಳು! "ಆತ್ರಿ, ನಡುವ ಹಾಕ್ರಿ. ಎರಡೂ ಬಗಲಿಗಿ ಒಂದೊಂದು ಗಜ ಖಡಿ ಹಂಗೇ ಬಿಡಬೇಕು. ಇಲ್ಲಾಂದ್ರ ನಾ ರೋಡ್ ರೋಲರ್ ಮುಂದ ಮಲಗಾಕಿನೇ!"

"ಬಿಡ್ತೀವ್ರಿ ಬಾಯಿ," ಎಂದರು ಸಾಹೇಬರು. ಎಲ್ಲ ರಸ್ತೆಗೂ ಅಂಚು ಹಾಗೇ ಬಿಡುತ್ತಾರೆಂದು ಅವರು ಹೇಳಲಿಲ್ಲ. ತಾನು ಸರಕಾರವನ್ನು ಮಣಿಸಿದೆನೆಂದು ಅತ್ತೆ ಸೊಲ್ಲಾಪುರದ ತವರಿಗೆಲ್ಲ ಪೇಢೆ ಹಂಚಿದಳು.

ಮುಂದಿನ ಸುಗ್ಗಿಗೆ ಹೋದಾಗ ನಾನೂ ಒಂದು ಬಾಡಿಗೆ ಸೈಕಲ್ ಹಿಡಿದು ಅತ್ತೆ-ಮಾಮಾರ ಜೊತೆ ಹೊರಟೆ. ನಡುವೆ ಕನ್ನಡಿಯಂಥ ಹೊಸ ಡಾಂಬರು, ಹುಳವೂ ಇಲ್ಲ. ಅದರ ಮೇಲೆ ಸದ್ದಿಲ್ಲದೆ ನಾನು; ಪಕ್ಕದ ಅಂಚಿನಲ್ಲಿ ಚರಚರ ಖಡಿ ತುಳಿಯುತ್ತ, ಕುಲುಕಾಡುತ್ತ, ಬೆವರುತ್ತ ಅತ್ತೆ. ಎದುರಿಗೆ ಬಂದ ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, "ಅಕ್ಕಾರ, ರಸ್ತಾ ಖಾಲಿ ಅದ, ಮ್ಯಾಲ ಬರ್ರಿ!" ಎಂದ.

"ನೀ ಹೋಗಪ್ಪಾ, ನಿಂದ ನಿನಗ!"

ದೂರದಿಂದಲೇ ಬೇವಿನ ಮರ, ಅದರ ಕೆಳಗೆ ಬಾವಿ ಕಾಣುತ್ತಿತ್ತು. ಅಷ್ಟು ಬಯಲಿನಲ್ಲಿ ಕಾಣದೆ ಎಲ್ಲಿ ಹೋದೀತು? ಅತ್ತೆ ಅದನ್ನೇ ನೋಡುತ್ತ ಪೆಡಲ್ ತುಳಿಯುತ್ತಿದ್ದಳು, ಬಾಯಿ ಬಿಡಲಿಲ್ಲ. ಬಾವಿಯ ನೀರು ಹರಿದು ನೆಲ ಒದ್ದೆಯಾದ ಕಡೆ ಖಡಿಯ ಸದ್ದು ಮೆತ್ತಗಾಯಿತು. ಮಾಮಾ ಮುಖ ಮೇಲೆತ್ತಿದರು.

"ಬಾಂವಿ ಬಂತ ನೋಡು!"

ಖಾಲಿ ಹೊಲದಲ್ಲಿ ಆನೆ ಕಂಡವಳು ಕಣ್ಣೆದುರಿನ ಬಾವಿಯನ್ನು ನೋಡುತ್ತಲೇ ಅಂದಳು, "ಹೌದೇನ್ರಿ? ನನಗ ಕಂಡೇ ಇರ್ಲಿಲ್ಲ ನೋಡ್ರಿ!"

ಮಾಮಾ ಖುಷಿಯಿಂದ, ಯಾರೂ ಇಲ್ಲದ ರಸ್ತೆಗೆ, ಜೋರಾಗಿ ಗಂಟೆ ಬಾರಿಸಿದರು.