ಒಂದೊಂದೇ ಬದಲಾಯಿಸುವ ಮಾವ

ನಮ್ಮ ಸೋದರಮಾವನ ಮನೆಯಲ್ಲಿ ತಲೆನೋವು ಬಂದರೆ ಇಬ್ಬರಿಗೆ ಬರಬೇಕು. ಒಬ್ಬರಿಗೇ ಬಂದರೆ ಮಾತ್ರೆ ಸಿಗುವುದು ಅನುಮಾನ! ಒಬ್ಬರಿಗೆ ಮಾತ್ರೆ ಕೊಟ್ಟು, ಇನ್ನೊಬ್ಬರನ್ನು ಸುಮ್ಮನೆ ಕೂರಿಸಿ, ಯಾರದು ಮೊದಲು ಇಳಿಯುತ್ತದೆ ಎಂದು ನೋಡಿದರೇನೇ ಅವರಿಗೆ ಸಮಾಧಾನ. ಸುಮ್ಮನೆ ಕೂತವನು ಎಷ್ಟೋ ಸಲ ನಾನೇ. ನನ್ನದೇ ಮೊದಲು ಇಳಿದುಬಿಟ್ಟರಂತೂ ಮಾವನಿಗೆ ಹಬ್ಬ. "ನೋಡಿದ್ಯಾ? ನೀನೂ ನುಂಗಿದ್ರೆ ಮಾತ್ರೆಗೆ ಹೆಸರು ಬರ್ತಿತ್ತು!"

ಕಾಫಿ ಗಿಡಗಳ ಸಂಶೋಧನೆಯಲ್ಲಿ ಆಯುಷ್ಯ ಸವೆಸಿ, ನಿವೃತ್ತರಾಗಿ ಹಾನುಬಾಳಿನ ಹತ್ತಿರದ ತಮ್ಮ ತೋಟಕ್ಕೆ ಬಂದವರು ಅವರು. ನೌಕರಿ ಬಿಟ್ಟರೂ ಚಾಳಿ ಬಿಡಬೇಕಲ್ಲ! ಅತ್ತೆಯ ಸಾರು ಒಂದು ದಿನ ವಿಪರೀತ ರುಚಿಯಾಯಿತು. ನಾವೆಲ್ಲ ಸುರಿದುಕೊಂಡು ಉಣ್ಣುತ್ತಿದ್ದರೆ ಮಾವನದು ವಿಚಾರಣೆ.

"ಇವತ್ತು ಏನು ಬದಲಾಯಿಸ್ದೆ?"

"ಹುಣಸೆಹಣ್ಣು ಹೊಸದು, ಪುಡಿನೂ ಹೊಸದು. ಬೇಳೆ ಒಂದಿಷ್ಟು ಜಾಸ್ತಿ ಬಿತ್ತು."

"ಒಂದೊಂದೇ ಬದಲಾಯಿಸ್ಬೇಕು ಕಣೇ! ಎಲ್ಲಾ ಒಟ್ಟಿಗೆ ಹಾಕ್ಬುಟ್ರೆ ರುಚಿ ಯಾವುದರಿಂದ ಬಂತು ಅಂತ ಹೆಂಗೆ ಗೊತ್ತಾಗುತ್ತೆ?"

"ನನ್ನ ಕೈಯಿಂದ ಬಂತು ಅಂದ್ಕೊಂಡು ಉಣ್ರೀ, ಸಾಕು!"

ತೋಟದಲ್ಲೂ ಇದೇ ಕಥೆ. ಕೊಳೆರೋಗ ಬಾರದಿರಲೆಂದು ಊರವರೆಲ್ಲ ಇಡೀ ತೋಟಕ್ಕೆ ಬೋರ್ಡೋ ಮದ್ದು ಹೊಡೆಸಲು ಹೊರಟಿದ್ದರೆ, ಮಾವ ಒಂದು ಪಟ್ಟೆಗೆ ಹೊಡೆಸಿ ಪಕ್ಕದ್ದನ್ನು ಹಾಗೇ ಬಿಟ್ಟರು. ಅದೇ ವಾರ ಆನೆ ಬಂತು. ಬಂದದ್ದು ಬರಲಿ, ಮದ್ದು ಹೊಡೆಸಿದ ಪಟ್ಟೆಯನ್ನೇ ತುಳಿದು, ಇನ್ನೊಂದರ ಅಂಚಿನಲ್ಲಿ ಬಲು ಮರ್ಯಾದೆಯಿಂದ ನಡೆದುಹೋಗಬೇಕೆ! ಪಕ್ಕದ ತೋಟದ ಗೌಡರು ಹಾನುಬಾಳಿನ ಬಸ್ ಸ್ಟ್ಯಾಂಡಿನಲ್ಲಿ ಸಾರಿಯೇ ಬಿಟ್ಟರು: "ಬೋರ್ಡೋ ವಾಸ್ನೆಗೆ ಆನೆ ಬತ್ತವೆ ಕಣ್ರಯ್ಯ. ಅವರ ತೋಟದಾಗೆ ಪರೀಕ್ಷೆನೇ ಆಗೈತೆ!" ಜನ ಮದ್ದಿನ ಡ್ರಮ್ಮು ಮಗುಚಿಟ್ಟು ಕುಳಿತರು. ಮಾವ ಮನೆಮನೆಗೆ ಹೋಗಿ, "ಅದು ಮೊದಲಿಂದಲೂ ಆನೆ ಓಡಾಡೋ ದಾರಿ ಕಣ್ರಪ್ಪಾ, ಮದ್ದಿಂದೇನೂ ತಪ್ಪಿಲ್ಲ" ಎಂದು ಕೈಮುಗಿಯಬೇಕಾಯಿತು.

ಆಮೇಲೆ ಅತ್ತೆಗೆ ಜ್ವರ ಬಂತು. ಸಕಲೇಶಪುರ, ಹಾಸನ ಎರಡೂ ಕಡೆ ತೋರಿಸಿದರೂ ಇಳಿಯಲಿಲ್ಲ. ಗಂಜಿಯೂ ಒಳಗೆ ನಿಲ್ಲದೆ ಹಾಸಿಗೆ ಹಿಡಿದರು. ಉಳಿಯುವುದೇ ಕಷ್ಟವೆಂದು ನೆಂಟರು ಗುಸುಗುಸು ಶುರುಮಾಡಿದಾಗ ನಾನು ಓಡಿಹೋದೆ. ನೋಡುತ್ತೇನೆ, ಡಾಕ್ಟರ ಮಾತ್ರೆ, ಗೌಡರ ಮನೆಯ ಅಮೃತಬಳ್ಳಿ ಕಷಾಯ, ಕೈಗೆ ದೇವಸ್ಥಾನದ ದಾರ, ದಿಂಬಿನಡಿ ಬಿಸಿಲೆ ಕಾಡಿನ ಕಡೆಯಿಂದ ತರಿಸಿದ ಯಾವುದೋ ಬೇರು! ತಲೆ ಹಾಕುವ ದಿಕ್ಕು ಸರಿಯಿಲ್ಲವೆಂದು ಯಾರೋ ಅಂದರಂತೆ, ಮಂಚವನ್ನೂ ತಿರುಗಿಸಿ ಹಾಕಿದ್ದಾರೆ. ಮಾಡಿದ್ದೆಲ್ಲ ಮಾವನೇ, ಅದೂ ಒಂದೇ ಸಲಕ್ಕೆ.

ಅತ್ತೆ ಎದ್ದರು. ನಿಧಾನಕ್ಕೆ, ಗೋಡೆ ಹಿಡಿದುಕೊಂಡು, ಆದರೆ ಮಾವನನ್ನು ಬಯ್ಯುವಷ್ಟು ಚೆನ್ನಾಗಿಯೇ ಎದ್ದರು. ಮುಂದಿನ ಸಲ ಹೋದಾಗಲೂ ಕೈಯಲ್ಲಿ ದಾರ, ಒಲೆಯ ಮೇಲೆ ಕಷಾಯ, ಮಂಚ ತಿರುಗಿಸಿದ ಹಾಗೇ ಇತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ?

"ಮಾವ, ಯಾವುದರಿಂದ ವಾಸಿಯಾಯ್ತು ಅಂತ ಈಗ ಕಂಡುಹಿಡೀಬಹುದು. ಒಂದೊಂದೇ ನಿಲ್ಲಿಸ್ತಾ ಬನ್ನಿ!"

ಮಾವ ನಗಲಿಲ್ಲ. ಒಲೆಯ ಮೇಲಿನ ಕಷಾಯವನ್ನು ಲೋಟಕ್ಕೆ ಬಗ್ಗಿಸಿ ಆರಿಸತೊಡಗಿದರು. ತಮಾಷೆ ಮಾಡಿದ್ದಕ್ಕೆ ನನಗೇ ಸಂಕಟವಾಯಿತು.

"ನಾನು ಯಾವುದನ್ನ ನಿಲ್ಲಿಸ್ತೀನೋ ಅದೇ ಇವಳನ್ನ ಉಳಿಸಿದ್ದಾಗಿದ್ರೆ? ಬೇಡ ಕಣೋ. ಗೊತ್ತಾಗದೆ ಇದ್ರೂ ಇರ್ಲಿ. ನನಗಿರೋದು ಇವಳೊಬ್ಬಳೇ."