ಅಕ್ಕನ ಮಗಳ ನೀಟೂ, ಭಾವನ ಮೀನೂ

ನಮ್ಮ ಕುಟುಂಬದಲ್ಲಿ ಒಬ್ಬರು ಪರೀಕ್ಷೆ ಬರೆದರೆ ಸಾಕು, ಉಳಿದವರೆಲ್ಲ ತಾವೇ ಬರೆದವರ ಹಾಗೆ ಬೆವರುತ್ತಾರೆ. ಈ ಸಲ ಸರದಿ ಅಕ್ಕನ ಮಗಳ ನೀಟಿನದು. ಬಂದ ಅಂಕ ಮಾತ್ರ ಅತ್ತ ದರಿ ಇತ್ತ ಪುಲಿ. ಎಂಬಿಬಿಎಸ್ಸಿಗೆ ಸ್ವಲ್ಪ ಕಡಿಮೆ, ಡೆಂಟಲ್‌ಗೆ ಧಾರಾಳ. ಡೆಂಟಲ್‌ಗೆ ಅರ್ಜಿ ಹಾಕುವುದೋ, ಒಂದು ವರ್ಷ ಕೂತು ಪುನಃ ನೀಟ್ ಬರೆಯುವುದೋ?

ನಮ್ಮದು ಅಳಿಯಕಟ್ಟಿನ ಮನೆ, ಆಸ್ತಿ ತಾಯಿಯ ಕಡೆಯಿಂದ ಬರುವುದು. ಗದ್ದೆಗಳೆಲ್ಲ ಹೋಗಿ ಎಷ್ಟೋ ಕಾಲವಾಯಿತು. ಸೋದರಮಾವನ ಮಾತೇ ಕೊನೆಯದು ಎಂಬ ಪದ್ಧತಿ ಮಾತ್ರ ಹೋಗಿಲ್ಲ. ಹಾಗಾಗಿ ಪಂಪ್‌ವೆಲ್ಲಿನ ಅಂಗಡಿಯಲ್ಲಿ ನಲ್ಲಿ, ಪೈಪು ಮಾರುವ ನನ್ನ ತಲೆಗೆ ಒಂದು ಹುಡುಗಿಯ ಭವಿಷ್ಯ ಬಂದು ಬಿತ್ತು. "ಭಾನುವಾರ ಊಟಕ್ಕೆ ಬಾ. ಬಂದು ಒಂದು ಮಾತು ಹೇಳಿಬಿಡು" ಎಂದಳು ಅಕ್ಕ.

ಅನುಭವಸ್ಥರು

ಅಂಗಡಿಗೆ ಬರುವ ಕಂಟ್ರಾಕ್ಟರೊಬ್ಬರ ಮಗ ನೀಟ್ ಮತ್ತೆ ಮತ್ತೆ ಬರೆದವನು. ಅವರನ್ನೇ ಕೇಳಿದೆ.

"ಕಣ್ಣು ಮುಚ್ಚಿ ಪುನಃ ಬರೆಸಿ ಮಾರಾಯ್ರೆ. ನನ್ನ ಮಗ ಎಷ್ಟು ಸಲ ಬರೆದ ಗೊತ್ತುಂಟಾ? ಸಿಲೆಬಸ್ ಪೂರ್ತಿ ಬಾಯಿಪಾಠ."

"ಹಾಗಾದರೆ ಈಗ ಡಾಕ್ಟರಾ?"

"ಡಾಕ್ಟರಲ್ಲ. ಅದೇ ಕೋಚಿಂಗಿನಲ್ಲಿ ಈಗ ಅವನೇ ಪಾಠ ಮಾಡುವುದು."

ಕಳೆದುಹೋದ ಅಂಕಗಳು

ನನ್ನ ತಾಯಿ ಅಕ್ಕನ ಮನೆಯಲ್ಲೇ ಇರುವುದು. ಉತ್ತರ ತಪ್ಪಾದರೆ ಬಂದ ಅಂಕದಲ್ಲೂ ಕಳೆಯುತ್ತಾರೆ ಎಂದು ತಿಳಿದ ಕೂಡಲೇ ಅವರು ಕೊರಗಜ್ಜನಿಗೆ ಚಕ್ಕುಲಿಯ ಹರಕೆ ಹೇಳಿಬಿಟ್ಟರು. ಕಳೆದುಹೋದ ವಸ್ತುವನ್ನು ಹುಡುಕಿಕೊಡುವ ದೈವ ಅದು. ನಮ್ಮ ಮನೆಯಲ್ಲಿ ಉಂಗುರ ಕಾಣದಿದ್ದರೂ ಅಜ್ಜ, ಸ್ಕೂಟರಿನ ಕೀ ಕಾಣದಿದ್ದರೂ ಅಜ್ಜ.

"ಕಳೆದ ಅಂಕ ಎಲ್ಲಿಯಾದರೂ ಇರಬೇಕಲ್ಲ? ಅಜ್ಜ ತಂದುಕೊಡ್ತಾನೆ" ಎಂದರು.

ಮೊಮ್ಮಗಳು ತಲೆ ಚಚ್ಚಿಕೊಂಡಳು. "ಅಜ್ಜೀ, ಹಾಗೆ ಸಿಗುವುದಾದರೆ ಎಲ್ಲರ ಅಂಕವೂ ಸಿಗ್ತದೆ. ರ್‍ಯಾಂಕ್ ಇದ್ದಲ್ಲೇ ಇರ್ತದೆ."

"ಎಲ್ಲರೂ ಚಕ್ಕುಲಿ ಇಡ್ಲಿಲ್ಲವಲ್ಲ!"

ಅಕ್ಕನ ಹರಕೆ

ಅಕ್ಕನದು ಇನ್ನೂ ಖಡಕ್ಕು. ಮಗಳಿಗೆ ಎಂಬಿಬಿಎಸ್ ಸಿಗುವ ತನಕ ಮೀನು ಮುಟ್ಟುವುದಿಲ್ಲ ಎಂದು ದೇವರ ಮುಂದೆ ಹೇಳಿಬಂದಿದ್ದಳು. ಭಾವ ಯಾವ ಹರಕೆಯನ್ನೂ ಹೇಳಿಕೊಂಡಿರಲಿಲ್ಲ. ಆದರೆ ಅಡಿಗೆ ಮಾಡುವವಳೇ ಮೀನು ಮುಟ್ಟದಿದ್ದರೆ ಉಣ್ಣುವವರ ಹರಕೆ ತನ್ನಿಂದ ತಾನೇ ಆಗುತ್ತದೆ. ಭಾವನಿಗೆ ಪಣಂಬೂರಿನ ಬಂದರಿನಲ್ಲಿ ಕೆಲಸ, ದಿನವಿಡೀ ಕಡಲಿನ ಗಾಳಿ. ಮನೆಗೆ ಬಂದರೆ ಬೆಂಡೆಕಾಯಿ. ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗೆ ಇಳಿದ ಮೇಲಂತೂ ಅವರ ಮುಖ ನೋಡಲಾಗುತ್ತಿರಲಿಲ್ಲ. ಪಾಪ, ಬಾಯಿ ಬಿಟ್ಟು ಒಂದು ದಿನವೂ ಹೇಳಿದವರಲ್ಲ. ಮಗಳ ವಿಷಯ ಮಾತಾಡಲಿಕ್ಕುಂಟು ಎಂದು ನಮ್ಮ ಮನೆಗೆ ಬರುತ್ತಿದ್ದರು. ಬರುವುದು ಸರಿಯಾಗಿ ನನ್ನ ಹೆಂಡತಿ ಕಾವಲಿಯಲ್ಲಿ ಮೀನು ಕಾಯಿಸುವ ಹೊತ್ತಿಗೆ. ಬಡಿಸಿದ್ದು ಮುಗಿಯುವ ತನಕ ಮಗಳ ಹೆಸರೇ ಬಾಯಿಗೆ ಬರುತ್ತಿರಲಿಲ್ಲ.

ಮಾವನ ತೀರ್ಪು

ಭಾನುವಾರ ಹೋದೆ. ಎಲ್ಲರೂ ಚಾವಡಿಯಲ್ಲಿ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಹುಡುಗಿಯನ್ನು ಹಿಂದಿನ ಜಗಲಿಗೆ ಕರೆದುಕೊಂಡು ಹೋದೆ.

"ನಿನಗೆ ಎಂತ ಬೇಕು?"

ಅವಳ ಕಣ್ಣು ತುಂಬಿತು. "ಇಷ್ಟು ದಿನ ಇದನ್ನು ಯಾರೂ ಕೇಳ್ಲಿಲ್ಲ ಮಾವ. ನನಗೆ ಬರೀಬೇಕು. ಫಿಸಿಕ್ಸ್ ಒಂದೇ ಕೈಕೊಟ್ಟದ್ದು, ಸರಿ ಮಾಡ್ಲಿಕ್ಕೆ ಆಗ್ತದೆ. ಆದ್ರೆ ಇನ್ನೊಂದು ವರ್ಷ ಅಪ್ಪ ಬೆಂಡೆಕಾಯಿ ತಿನ್ನುವುದನ್ನು ನೋಡ್ಲಿಕ್ಕೆ ನನ್ನಿಂದಾಗುದಿಲ್ಲ. ಪ್ರತಿ ತುತ್ತಿಗೂ ನನ್ನ ಮುಖ ನೋಡ್ತಾರೆ!"

ನನಗೆ ನಗು ಬಂತು. ಈ ಮಗು ಹೆದರಿದ್ದು ಪರೀಕ್ಷೆಗಲ್ಲ, ನಮ್ಮೆಲ್ಲರ ಪ್ರೀತಿಗೆ.

ಚಾವಡಿಗೆ ಬಂದು ಹೇಳಿದೆ. "ಅವಳು ಪುನಃ ಬರೀತಾಳೆ. ಒಂದೇ ಸಲ. ಆಗ ಸಿಕ್ಕಿದ್ದನ್ನು ನಗುತ್ತಾ ತಗೊಳ್ಳುವುದು. ಆದರೆ ಇವತ್ತಿನಿಂದ ಅವಳ ಹೆಸರಿನಲ್ಲಿ ಯಾರೂ ಉಪವಾಸ ಮಾಡುವ ಹಾಗಿಲ್ಲ."

ಅಕ್ಕ ಗಾಬರಿಯಾದಳು. "ದೇವರಿಗೆ ಹೇಳಿಯಾಗಿದೆಯಲ್ಲ?"

"ತಪ್ಪುಕಾಣಿಕೆ ಹಾಕಿದ್ರೆ ಆಯ್ತು" ಎಂದರು ತಾಯಿ. "ನಮ್ಮ ಮನೆಯವರ ಗುಣ ದೇವರಿಗೆ ಗೊತ್ತುಂಟು."

ಅಷ್ಟರಲ್ಲಿ ಭಾವ ತಟ್ಟನೆ ಎದ್ದು ಹೊರಗೆ ಹೋದರು. "ಇನ್ನೊಂದು ವರ್ಷ ಅಂತ ಬೇಜಾರಾಯ್ತೋ ಏನೋ, ನೋಡು" ಎಂದಳು ಅಕ್ಕ. ನಾನೂ ಹುಡುಗಿಯೂ ಹಿಂದೆಯೇ ಓಡಿದೆವು.

ಭಾವ ಸ್ಕೂಟರಿನ ಸೀಟು ಎತ್ತಿ, ಐಸಿನ ನೀರು ತೊಟ್ಟಿಕ್ಕುವ ಚೀಲವೊಂದನ್ನು ಹೊರಗೆ ತೆಗೆಯುತ್ತಿದ್ದರು. ಒಳಗೆ ಬಂಗುಡೆ ಮೀನು! ಫಲಿತಾಂಶ ಬಂದ ಮೇಲೆ ಹುಡುಗಿ ಬಾಯಿ ತುಂಬ ನಕ್ಕದ್ದು ಅವತ್ತೇ.

"ಇದು ಯಾವಾಗ ತಂದದ್ದು ಭಾವ?"

"ಬೆಳಿಗ್ಗೆ. ಬೋಟು ಬರುವ ಧಕ್ಕೆಗೆ ಹೋಗಿದ್ದೆ."

"ಬೆಳಿಗ್ಗೆಯೇ? ಪುನಃ ಬರೆಯುವುದು ಬೇಡ ಅಂತ ನಾನು ಹೇಳಿದ್ದರೆ?"

ಭಾವ ಸೀಟು ಮುಚ್ಚಿದರು. "ಡೆಂಟಲ್‌ಗೆ ಅರ್ಜಿ ಹಾಕುವ ಸಂತೋಷಕ್ಕೂ ಏನಾದರೂ ಬೇಕಲ್ಲ ಮಾರಾಯಾ?"